ಆರು ಸಿಲಿಂಡರಿನ ದಿಬ್ಬಣ

ಹೊಳೆನರಸೀಪುರದ ಕೊಬ್ಬರಿ ಮಂಡಿಯ ರುದ್ರಯ್ಯನವರು ಶಿವಪೂಜೆ ತಪ್ಪಿಸಿದವರಲ್ಲ, ತೂಕದಲ್ಲಿ ಮೋಸ ಮಾಡಿದವರಲ್ಲ. ಇಂಥವರನ್ನು ಕೆಡಿಸಬೇಕಾದರೆ ಶನಿದೇವರು ಸ್ವಲ್ಪ ದೂರದಿಂದಲೇ ಸಾಮಾನು ತರಿಸಬೇಕು. ಅವರ ಪಾಲಿಗೆ ಅದು ಅಮೆರಿಕದಿಂದ ಬಂತು.

ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಒಂದು ಹಳೆಯ ಕಾರನ್ನು ರುದ್ರಯ್ಯನವರಿಗೆ ಕೊಟ್ಟು ಹೋದ. ಯುದ್ಧಕ್ಕೆ ಮುಂಚಿನದು, ಆರು ಸಿಲಿಂಡರಿನದು. ಅಮಲ್ದಾರರ ಜೀಪನ್ನು ಬಿಟ್ಟರೆ ಊರಿನಲ್ಲಿ ಆಗ ಹೇಳಿಕೊಳ್ಳುವಂಥ ವಾಹನ ಅದೊಂದೇ. ಎಂಟು ವರ್ಷ ಊರಿನ ಮದುವಣಿಗರೆಲ್ಲ ಅದರಲ್ಲಿಯೇ ಮೆರೆದರು. ರುದ್ರಯ್ಯನವರು ಬಾಡಿಗೆ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೇ. ಗಾಡಿಯೂ ಮದುವೆಗೆಂದೇ ಹುಟ್ಟಿದ ಹಾಗಿತ್ತು. ಓಲಗದವರು ನಿಂತರೆ ನಿಲ್ಲುವುದು, ಅವರು ಒಂದು ಹೆಜ್ಜೆ ಹಾಕಿದರೆ ತಾನೂ ಒಂದು ಹೆಜ್ಜೆ ಹಾಕುವುದು. ಬಸುರಿ ಹೆಂಗಸು ಗುಡಿ ಸುತ್ತಿದ ಹಾಗೆ ಬೀದಿ ಸುತ್ತಿ ಬರುತ್ತಿತ್ತು.

ಕೇಡು ಇದ್ದದ್ದು ಗಾಡಿಯಲ್ಲಿ ಅಲ್ಲ, ಅದರ ಹಿಂದಿನ ಸೀಟಿನ ಕೆಳಗೆ. ಅಲ್ಲಿ ದೊರೆ ಮರೆತು ಹೋದ ಒಂದು ಗೋಣಿಚೀಲದ ತುಂಬ ಅಮೆರಿಕದ ಇಂಗ್ಲಿಷ್ ಮೋಟಾರು ಪತ್ರಿಕೆಗಳಿದ್ದವು. ಐವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ, ಮಂಡಿಗೆ ಗಿರಾಕಿಯಿಲ್ಲದ ಹೊತ್ತಿನಲ್ಲಿ, ರುದ್ರಯ್ಯನವರು ನಿಘಂಟು ಹಿಡಿದು ಅವನ್ನು ಓದಲು ಕುಳಿತರು. ಒಂದರಲ್ಲಿ ಒಬ್ಬ ಹಲ್ಲಿನ ಡಾಕ್ಟರನ ಚಿತ್ರವಿತ್ತು. ಅವನು ತನ್ನ ಹಳೆಯ ಆರು ಸಿಲಿಂಡರಿನ ಕಾರಿನ ಇಂಜಿನ್ನಿಗೆ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಚ್ಚಿ, ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ ಎರಡನ್ನೂ ಅರದಲ್ಲಿ ಉಜ್ಜಿ ನುಣುಪು ಮಾಡಿ, ರೇಸಿನಲ್ಲಿ ಗೆದ್ದು, ಕೈಯಲ್ಲಿ ಬೆಳ್ಳಿ ಬಟ್ಟಲು ಹಿಡಿದು ನಗುತ್ತಿದ್ದ.

"ಹಲ್ಲು ಕೀಳೋನು ಮಾಡಿದ್ದನ್ನ ಕೊಬ್ಬರಿ ತೂಗೋನು ಮಾಡಬಾರದೇನು?" ಎಂದು ರುದ್ರಯ್ಯನವರು ಮಂಡಿಯಲ್ಲಿ ಕೇಳಿದರು. ಅಲ್ಲಿದ್ದವರು ಇಬ್ಬರು ಹಮಾಲಿಗಳು. ಮಾಡಬಹುದು ಎಂದರು. ಇಷ್ಟು ಸಾಕಾಯಿತು.

ಬೆಂಗಳೂರಿನ ಆಚೆ, ವಿಮಾನಗಳು ಇಳಿಯುವುದನ್ನು ನಿಲ್ಲಿಸಿದ ಒಂದು ಬಯಲಿನಲ್ಲಿ ಮಾಘ ಮಾಸದ ಒಂದು ಭಾನುವಾರ ಹವ್ಯಾಸಿಗಳ ಕಾರು ಪಂದ್ಯ ನಡೆಯುವುದೆಂದು ಅವರು ವರ್ತಮಾನ ತಿಳಿದುಕೊಂಡು ಹೆಸರು ಕಳುಹಿಸಿದರು. ಆಮೇಲೆ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದ ದ್ಯಾವಯ್ಯನ ಬಳಿಗೆ ಹೋದರು. ದ್ಯಾವಯ್ಯ ಯುದ್ಧದ ಕಾಲದಲ್ಲಿ ದಂಡಿನ ಲಾರಿಗಳನ್ನು ಬಿಚ್ಚಿ ಜೋಡಿಸಿ ಬಂದವನು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಅವನು ಪತ್ರಿಕೆಯ ಚಿತ್ರಗಳನ್ನೆಲ್ಲ ನೋಡಿ ತಲೆ ಅಲ್ಲಾಡಿಸಿದ.

"ಬ್ಯಾಡ ಸಾ. ಇದು ಮದುವೆ ಗಾಡಿ. ಉಸ್ರು ಸಣ್ಣದಾಗಿರೋದ್ಕೇ ಇದು ಮೆತ್ತಗೆ ನಡೀತದೆ. ಉಸ್ರಾಡೋ ದಾರಿ ಅಗ್ಲ ಮಾಡಿದ್ರೆ ಓಡಾಕೆ ಚೆಂದ, ನಡಿಯಾಕೆ ಆಗಾಕಿಲ್ಲ."

"ಓಡೋಕೆ ಬರೋನಿಗೆ ನಡೆಯೋಕೆ ಬರಲ್ವೇನಯ್ಯ?"

"ಮನುಸ್ರಿಗೆ ಬತ್ತದೆ ಸಾ."

ರುದ್ರಯ್ಯನವರು ನಕ್ಕು ಅವನ ಬೆನ್ನು ತಟ್ಟಿದರು. ದ್ಯಾವಯ್ಯ ಹೆಡ್ಡು ಬಿಚ್ಚಿದ.

ಎರಡು ತಿಂಗಳು ರುದ್ರಯ್ಯನವರ ಹಿತ್ತಿಲಿನಲ್ಲಿ ಅರದ ಸದ್ದು. ಬೆಳಗ್ಗೆ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅವರು ಹೆಡ್ಡಿನ ಮುಂದೆ ಕೂರುವರು. ಬೆರಳು ತೂರದ ಕಡೆ ಕಡ್ಡಿಗೆ ಉಪ್ಪುಕಾಗದ ಸುತ್ತಿ ಉಜ್ಜುವರು. ಹಾಸನದ ಯಂತ್ರದ ಅಂಗಡಿಗೆ ಒಯ್ದು ತಳವನ್ನು ಒಂದು ಕೂದಲೆಳೆಯಷ್ಟು ತೆಗೆಸಿ ತಂದರು. ಕೊನೆಗೆ ಆರು ಸಿಲಿಂಡರಿನ ಮೇಲೂ ಒಂದೇ ಅಳತೆಯ ಗುಳಿ ಇದೆಯೇ ಎಂದು ನೋಡಬೇಕಿತ್ತು. ಪತ್ರಿಕೆಯಲ್ಲಿ ಗಾಜಿನ ನಳಿಗೆ, ತೆಳು ಎಣ್ಣೆ ಎಂದು ಬರೆದಿತ್ತು. ಕೊಬ್ಬರಿ ಮಂಡಿಯವರ ಮನೆಯಲ್ಲಿ ಎಣ್ಣೆಗೇನು ಬರ? ಹೆಡ್ಡನ್ನು ಬೋರಲು ಹಾಕಿ, ಚಟಾಕಿನಲ್ಲಿ ಅಳೆದು, ಆರು ಗುಳಿಗೂ ಕೊಬ್ಬರಿ ಎಣ್ಣೆ ಹುಯ್ದರು. ಪುಷ್ಯ ಮಾಸದ ಚಳಿಗೆ ಎಣ್ಣೆ ಗಟ್ಟಿಯಾಗಿ ಕೂತಿತು. ಬಿಸಿಲು ಬರಲೆಂದು ಅವರು ಅದರ ಮುಂದೆ ಕೈಕಟ್ಟಿ ಕಾಯುತ್ತಿದ್ದಾಗ ಹೆಂಡತಿ ಗುರುಸಿದ್ದಮ್ಮ ಬಂದರು.

"ಏನೂಂದ್ರೆ, ಮಗಳ ಮದುವೆಗೆ ಅಂತ ಎತ್ತಿಟ್ಟ ಎಣ್ಣೆ ಅದು!"

"ವಾಪಸ್ಸು ಡಬ್ಬಕ್ಕೇ ಹಾಕ್ತೀನಿ ಕಣೇ. ಬರೀ ಅಳತೆ ನೋಡ್ತಾ ಇದ್ದೀನಿ."

ಗೋಡೆಯಾಚೆಯ ಮನೆಯ ರೇವಮ್ಮ ಇಣುಕಿದಳು. ಈ ಹೆಂಗಸಿಗೆ ಶಿವನು ಎರಡೇ ಕಣ್ಣು ಕೊಟ್ಟಿದ್ದರೂ ಅವು ಬೀದಿಗೆಲ್ಲ ಸಾಲುವಷ್ಟಿದ್ದವು. ಅವಳಿಗೆ ಕಂಡದ್ದು ಆರು ಗುಳಿ, ಗುಳಿಯ ತುಂಬ ಎಣ್ಣೆ.

"ಇದೇನ್ ಗುರುಸಿದ್ದಮ್ಮ, ಅಷ್ಟ್ ದೊಡ್ಡ ಪಡ್ಡಿನ ಕಾವಲಿ? ಮದುವೇಲಿ ಪಡ್ಡು ಬಡಿಸ್ತೀರಾ?"

ಸಂಜೆಯ ಹೊತ್ತಿಗೆ ಇದು ಪೇಟೆ ತಲುಪಿತು, ಮಾರನೆಯ ದಿನ ಬಸ್ಸು ಹತ್ತಿ ಅರಕಲಗೂಡಿಗೆ ಹೋಯಿತು. ಮೂರನೆಯ ದಿನ ಬೀಗರಾಗುವ ಮರುಳಯ್ಯನವರಿಂದ ಕಾಗದ ಬಂತು: "ನಮ್ಮ ಕಡೆ ಮದುವೆಯಲ್ಲಿ ಪಡ್ಡು ಬಡಿಸುವ ರೂಢಿ ಇಲ್ಲ. ಹೋಳಿಗೆ ಎಂದು ಮಾತಾಗಿತ್ತು. ದಯಮಾಡಿ ವಿಚಾರ ಮಾಡುವುದು."

ಮರುಳಯ್ಯನವರದು ಅರಕಲಗೂಡಿನಲ್ಲಿ ಜವಳಿ ಅಂಗಡಿ. ಅವರ ಮಗ ಚಂದ್ರಶೇಖರಯ್ಯ ವಿದ್ಯಾ ಇಲಾಖೆಯಲ್ಲಿ ಗುಮಾಸ್ತ. ಮೆತ್ತನೆಯ ಮಾತಿನ ಹುಡುಗ. ಹೆಣ್ಣು ನೋಡಲು ಬಂದಾಗ ಅವನು ರುದ್ರಯ್ಯನವರ ಮಗಳು ಶಾಂತಕುಮಾರಿಯನ್ನು, ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. "ಮುಂದೆ ಓದೋ ಆಸೆ ಇದೆಯಾ?" ಎಂದು ಕೇಳಿದ. ಆ ಒಂದು ಮಾತು ಕೇಳಿದ ಮೇಲೆ ಆ ಹುಡುಗಿ ನೆಲದ ಮೇಲೆ ನಡೆದದ್ದನ್ನು ಯಾರೂ ಕಾಣಲಿಲ್ಲ. ನೀರು ಸೇದುವಾಗ ಹಾಡುವಳು, ಕಸ ಗುಡಿಸುವಾಗ ಹಾಡುವಳು. ಮದುವೆ ಶುಕ್ರವಾರ, ಬೆಳಗ್ಗೆ ಹತ್ತರಿಂದ ಹತ್ತೂವರೆಗೆ ಮುಹೂರ್ತ. ಅದಾದ ಒಂಬತ್ತನೆಯ ದಿನ, ಭಾನುವಾರ, ಪಂದ್ಯ.

"ಮದುವೆಗೆ ಚನ್ನರಾಯಪಟ್ಟಣದಿಂದ ಬ್ಯಾರೆ ಗಾಡಿ ತರ್ಸಿ ಸಾ" ಎಂದು ದ್ಯಾವಯ್ಯ ಎರಡು ಸಲ ಹೇಳಿದ.

"ಊರಿನ ಮಕ್ಕಳೆಲ್ಲ ನನ್ನ ಗಾಡೀಲಿ ಮೆರೆದವೆ. ನನ್ನ ಅಳಿಯ ಬಾಡಿಗೆ ಗಾಡೀಲಿ ಬರಬೇಕಾ? ನಾನೇ ಬಿಡ್ತೀನಿ."

ಶುಕ್ರವಾರ ಎಂಟು ಗಂಟೆಗೆ ಹೊಳೆಯ ಹತ್ತಿರದ ಛತ್ರದಿಂದ ವರನ ಮೆರವಣಿಗೆ ಹೊರಟಿತು. ಮದುವೆಯ ಚಪ್ಪರ ಮಠದ ಅಂಗಳದಲ್ಲಿ. ನಡೆದರೆ ಹತ್ತು ನಿಮಿಷದ ದಾರಿ. ಮುಂದೆ ಹುಚ್ಚಯ್ಯನ ಓಲಗ, ಹಿಂದೆ ಹೂವಿನಲ್ಲಿ ಮುಳುಗಿದ ಕಾರು. ಹಿಂದಿನ ಸೀಟಿನಲ್ಲಿ ಪೇಟ, ಬಾಸಿಂಗ ತೊಟ್ಟ ಚಂದ್ರಶೇಖರಯ್ಯ; ಅವನ ಅಕ್ಕಪಕ್ಕ ಬೀಗರ ಕಡೆಯ ಇಬ್ಬರು ಹಿರಿಯರು. ಚಕ್ರ ಹಿಡಿದವರು ರುದ್ರಯ್ಯನವರು.

ಗಾಡಿ ಕೆಮ್ಮಿತು. ಒಂದು ಮಾರು ಹಾರಿತು. ಹುಚ್ಚಯ್ಯನ ಬೆನ್ನಿಗೆ ಬಂಪರು ತಾಕಿ, ಅವನು ಹಿಡಿದಿದ್ದ ಸ್ವರ ಎಂದೂ ಹೋಗದ ಎತ್ತರಕ್ಕೆ ಹೋಯಿತು. ಆಮೇಲೆ ಇಂಜಿನ್ನು ಸತ್ತಿತು. ದ್ಯಾವಯ್ಯ ಹ್ಯಾಂಡಲ್ ಹೊಡೆದ. ಮತ್ತೆ ಢಮ್ಮೆಂದಿತು, ಮತ್ತೆ ಹಾರಿತು, ಮತ್ತೆ ಸತ್ತಿತು.

"ಏನ್ ಸಾ, ನಾನು ಊದ್ಲಾ, ನಿಮ್ ಗಾಡೀಗೇ ಬುಟ್ಬುಡ್ಲಾ?" ಎಂದ ಹುಚ್ಚಯ್ಯ.

ಬೀಗರ ಕಡೆಯ ಹಿರಿಯರಿಬ್ಬರು ಇಳಿದು, ಜರಿಯ ಪಂಚೆ ಎತ್ತಿ ಕಟ್ಟಿ ತಳ್ಳಿದರು. ಹೊಗೆ ಕೊಳವೆಯಿಂದ ಬಂದ ಮಸಿ ಇಬ್ಬರಿಗೂ ಮೀಸೆ ಬರೆಯಿತು. ಅರ್ಧ ಗಂಟೆಯಲ್ಲಿ ದಿಬ್ಬಣ ಎರಡು ಮನೆ ದಾಟಿತ್ತು. ದ್ಯಾವಯ್ಯ ಕಿಟಕಿಯ ಬಳಿ ಬಗ್ಗಿದ.

"ಪ್ಲಗ್ಗು ಮಸಿ ಕಟ್ಕೊಂಡದೆ ಸಾ. ಚನ್ನರಾಯಪಟ್ಟಣದ ರಸ್ತೇಲಿ ಒಂದು ಫರ್ಲಾಂಗು ಜೋರಾಗಿ ಬುಟ್ಕಂಡ್ ಓಗಿ, ತಿರುಗ್ಸ್ಕಂಡ್ ಬನ್ನಿ. ಮಸಿ ಸುಟ್ಟೋಯ್ತದೆ. ಒಂದೇ ಫರ್ಲಾಂಗು."

ಸಲಹೆ ಸರಿಯಾಗಿಯೇ ಇತ್ತು. ತಳ್ಳಲು ಇಳಿದ ಹಿರಿಯರನ್ನು ಅಲ್ಲಿಯೇ ಬಿಟ್ಟು, ರುದ್ರಯ್ಯನವರು ಗಾಡಿಯನ್ನು ರಸ್ತೆಗೆ ತಿರುಗಿಸಿ ಕಾಲು ಒತ್ತಿದರು. ಕೆಮ್ಮು ನಿಂತಿತು. ಆರು ಸಿಲಿಂಡರೂ ಒಂದೇ ಉಸಿರಿಗೆ ಸೇರಿದವು. ಒಂದು ಫರ್ಲಾಂಗು ಮುಗಿದಲ್ಲಿ ಬಲಗಡೆ ಒಂದು ಕಣದ ಬಯಲಿತ್ತು. ಎರಡು ಕಾರು ಏಕಕಾಲಕ್ಕೆ ತಿರುಗುವಷ್ಟು ಜಾಗ. ಮುಂದೆ ಏನೇನು ಹೇಳಿದರೂ ಓದುಗರು ಈ ಬಯಲನ್ನು ಮರೆಯಬಾರದು. ಶಿವನು ಜಾಗ ಕೊಟ್ಟಿದ್ದ.

"ಮಾವ, ಇಲ್ಲಿ ತಿರುಗಿಸಬಹುದಲ್ವಾ?" ಎಂದ ಚಂದ್ರಶೇಖರಯ್ಯ.

"ಮುಂದೆ ಇನ್ನೂ ಅಗಲ ಇದೆ, ಅಳಿಯಂದಿರೇ."

ಮುಂದೆ ಅಗಲವಿರಲಿಲ್ಲ. ರಸ್ತೆಯಿತ್ತು, ನೇರವಾದ ರಸ್ತೆ. ಎರಡು ತಿಂಗಳು ಬೆರಳ ತುದಿ ಸವೆಸಿ ಉಜ್ಜಿದ ದಾರಿಗಳಲ್ಲಿ ಗಾಳಿ ಹಾಡುತ್ತಿತ್ತು. ಹೂವಿನ ಹಾರಗಳು ಹರಿದು ಹಿಂದೆ ಹಾರಿದವು. ಎದುರಿನಿಂದ ಬಂದ ಕುರಿಹಿಂಡು ತಾನಾಗಿಯೇ ಎರಡು ಭಾಗವಾಯಿತು.

"ಮಾವ, ಪೇಟ ಹೋಯ್ತು."

"ಬರ್ತಾ ಎತ್ಕೊಳೋಣ."

"ಮಾವ, ಬಾಸಿಂಗಾನೂ ಹೋಯ್ತು."

"ಎರಡನ್ನೂ ಒಟ್ಟಿಗೇ ಎತ್ಕೊಳೋಣ."

ಹುಡುಗ ಆಮೇಲೆ ಮಾತಾಡಲಿಲ್ಲ. ದೊಡ್ಡವರಿಗೆ ಮೂರು ಸಲಕ್ಕಿಂತ ಹೆಚ್ಚು ಹೇಳಬಾರದೆಂದು ಅವನಿಗೆ ಮನೆಯಲ್ಲಿ ಕಲಿಸಿದ್ದರು. ದಂಡಿಗನಹಳ್ಳಿ ಹೋಬಳಿಯ ಎಲ್ಲೆಯಲ್ಲಿ, ಒಂದು ಹುಲ್ಲಿನ ಮೆದೆಯ ಪಕ್ಕದಲ್ಲಿ, ಗಾಡಿ ತಾನಾಗಿಯೇ ನಿಂತಿತು. ಪೆಟ್ರೋಲು ಮುಗಿದಿತ್ತು. ಒಂಬತ್ತು ಗಂಟೆ ಆಗ. ಊರಿಗೆ ವಾಪಸ್ಸು ಹೋಗುವ ಬಸ್ಸು ಮಧ್ಯಾಹ್ನಕ್ಕೆ.

ಇತ್ತ ಊರಿನಲ್ಲಿ, ಒಂದು ಫರ್ಲಾಂಗಿಗೆಂದು ಹೋದ ಗಾಡಿ ಬಾರದೆ, ಒಂಬತ್ತೂವರೆಯ ಹೊತ್ತಿಗೆ ಅಭಿಪ್ರಾಯಗಳು ಎರಡಾಗಿದ್ದವು. ಹೆಣ್ಣಿನ ಕಡೆಯವರು ವರ ಓಡಿಹೋದ ಎಂದರು. ಗಂಡಿನ ಕಡೆಯವರು ವರನನ್ನು ಎತ್ತಿಕೊಂಡು ಹೋದರು ಎಂದರು. ಮರುಳಯ್ಯನವರು ನೇರವಾಗಿ ಠಾಣೆಗೆ ನಡೆದರು. ದಫೇದಾರ ದಪ್ಪ ಪುಸ್ತಕ ತೆರೆದ.

"ಏನ್ ಕಳವಾಗಿದೆ ಸ್ವಾಮಿ?"

"ನನ್ನ ಮಗ!"

"ವಯಸ್ಸು?"

"ಇಪ್ಪತ್ತಾರು."

ದಫೇದಾರ ಲೇಖನಿ ಎತ್ತಿದ. "ಇಪ್ಪತ್ತಾರು ವರ್ಷದೋರನ್ನ ಕಳವು ಅಂತ ಬರೆಯೋಕೆ ಬರೋದಿಲ್ಲ. ಮೈಮೇಲೆ ಒಡವೆ ಏನಾದ್ರೂ?"

"ಎರಡು ಉಂಗುರ."

"ಹಾಗನ್ನಿ ಮತ್ತೆ. ಉಂಗುರ ಎರಡು, ಜೊತೆಗೆ ವರ."

ಅಷ್ಟರಲ್ಲಿ ಸೈಕಲ್ಲಿನವನೊಬ್ಬ ರಸ್ತೆಯಲ್ಲಿ ಸಿಕ್ಕಿದ ಬಾಸಿಂಗವನ್ನು ಕೈಯಲ್ಲಿ ಹಿಡಿದು ಬಂದ. ಕೊಟ್ಟು ಹೋಗೋಣವೆಂದು ಬಂದವನು ಸಾಕ್ಷಿಯಾಗಿಬಿಟ್ಟ. ರೇವಮ್ಮ ಚಪ್ಪರದ ಕಂಬ ಹಿಡಿದು ಕೂಗಿದಳು: "ಬಾಸಿಂಗ ಕಿತ್ತು ಬಿಸಾಕಿ ಓಡವ್ನೆ ಕಣ್ರವ್ವ! ಬ್ಯಾಡದ ಮದುವೆಗೆ ಬಂದ್ರೆ ಇಂಗೇ ಆಗೋದು. ನಾನು ಪಡ್ಡು ಅಂದಾಗ್ಲೇ ಅವನ ಮನಸ್ಸು ಮುರಿದಿತ್ತು!"

ಒಳಗೆ ಶಾಂತಕುಮಾರಿ ಧಾರೆ ಸೀರೆ ಉಟ್ಟು ಕೂತಿದ್ದಳು. ಹತ್ತೂವರೆಯಾಯಿತು. ಮಠದ ಅಯ್ಯನವರು ಗಡಿಯಾರ ನೋಡಿ, ಕಣ್ಣು ಮುಚ್ಚಿ, ಎದ್ದು ಹೋದರು.

ಒಂದೂವರೆಗೆ ಅಳಿಯ ಮಾವ ಇಬ್ಬರೂ ಹುಲ್ಲಿನ ಗಾಡಿಯಲ್ಲಿ ಬಂದಿಳಿದರು. ತಲೆಗೂದಲಿನಲ್ಲಿ ಹುಲ್ಲು, ಮುಖದ ಮೇಲೆ ಧೂಳು. ಊರೆಲ್ಲ ಸುತ್ತ ನಿಂತಿತು. ಯಾರೂ ಇನ್ನೂ ಏನೂ ಕೇಳಿರಲಿಲ್ಲ, ರುದ್ರಯ್ಯನವರೇ ಹೇಳಿದರು.

"ಆಕ್ಸಿಲರೇಟರು ಸಿಕ್ಕಿಕೊಂಡ್ಬಿಡ್ತು."

ಆ ಮಾತಿಗೆ ಎಂಥ ಗುಣ! ಮರುಳಯ್ಯನವರ ಮುಖ ಸಡಿಲವಾಯಿತು. "ಯಂತ್ರ ಮಾಡಿದ್ದಕ್ಕೆ ಮನುಷ್ಯ ಏನು ಮಾಡೋಕಾಗ್ತದೆ ಬಿಡಿ" ಎಂದರು. ಅಯ್ಯನವರು ಪಂಚಾಂಗ ತೆಗೆದು ಹನ್ನೊಂದನೆಯ ದಿನಕ್ಕೆ ಇನ್ನೊಂದು ಮುಹೂರ್ತ ತೆಗೆದರು. ಗುರುಸಿದ್ದಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಚಂದ್ರಶೇಖರಯ್ಯ ಮಾವನ ಮುಖವನ್ನು ಒಂದು ಸಲ ನೋಡಿ, ತಲೆಗೂದಲಿನ ಹುಲ್ಲು ತೆಗೆಯತೊಡಗಿದ.

ಆದರೆ ದಫೇದಾರನ ಪುಸ್ತಕದಲ್ಲಿ ಬರೆದದ್ದು ಬರೆದಾಗಿತ್ತು. ಸರ್ಕಾರ ಮರೆಯಬೇಕಾದದ್ದನ್ನು ಎಂದೂ ಮರೆಯುವುದಿಲ್ಲ. ಆರನೆಯ ದಿನ ಹಾಸನದಿಂದ ಮೋಟಾರು ಇನ್‌ಸ್ಪೆಕ್ಟರರು ಬಂದು, ಗಾಡಿಯನ್ನು ಒಂದು ಹಗಲೆಲ್ಲ ಪರೀಕ್ಷೆ ಮಾಡಿದರು. ಆಕ್ಸಿಲರೇಟರಿನ ಸ್ಪ್ರಿಂಗನ್ನು ನೂರು ಸಲ ಒತ್ತಿ ಬಿಟ್ಟರು. ನೂರು ಸಲವೂ ಅದು ತನ್ನ ಜಾಗಕ್ಕೆ ಬಂತು. ದ್ಯಾವಯ್ಯನ ಕೈಗೆಲಸದಲ್ಲಿ ತಪ್ಪು ಹುಡುಕುವುದು ಹಾಗೆಲ್ಲ ಆಗುವ ಮಾತಲ್ಲ. "ಈ ವಾಹನ ತಾನಾಗಿ ಓಡಿಲ್ಲ, ಓಡಿಸಿದ್ದರಿಂದ ಓಡಿದೆ" ಎಂದು ಬರೆದು, ಮೊಹರು ಒತ್ತಿ, ಎಳನೀರು ಕುಡಿದು ಹೋದರು.

ಈಗ ಊರು ವಿಚಾರ ಮಾಡಿತು. ಓಡಿಸಿದವರು ರುದ್ರಯ್ಯನವರು. ಸರಿ. ಆದರೆ ಮಗಳ ಮುಹೂರ್ತ ಮುಂದಿಟ್ಟುಕೊಂಡು ಯಾವ ತಂದೆ ತಾನಾಗಿ ಅಳಿಯನನ್ನು ಹದಿನಾಲ್ಕು ಮೈಲಿ ಒಯ್ಯುತ್ತಾನೆ? ಹುಚ್ಚನೂ ಒಯ್ಯುವುದಿಲ್ಲ. ಆದ್ದರಿಂದ ಹಿಂದೆ ಕೂತವನು ಓಡಿಸು ಎಂದಿರಬೇಕು. ಬಾಸಿಂಗವೂ ಹಾಗೆಯೇ ಹೇಳುತ್ತಿತ್ತು. ರುದ್ರಯ್ಯನವರು ಅಳಿಯನ ಮಾನ ಉಳಿಸಲು ಆಕ್ಸಿಲರೇಟರಿನ ಕಥೆ ಕಟ್ಟಿದ್ದಾರೆ. ಎಂಥ ದೊಡ್ಡ ಮನಸ್ಸು! ಕಂಡ ಕಂಡವರೆಲ್ಲ ಅವರಿಗೆ ಕೈಮುಗಿಯತೊಡಗಿದರು.

ಮರುಳಯ್ಯನವರಿಗೆ ಈ ಮಾತು ತಲುಪಿದಾಗ ಬೆಂಕಿ ಹತ್ತಿತು. "ನಮ್ಮ ಹುಡುಗ ಓಡಿಹೋಗೋನಲ್ಲ. ಅವನ ತಪ್ಪಿಲ್ಲ ಅಂತ ರುದ್ರಯ್ಯನೋರು ಮಠದಲ್ಲಿ ನಾಲ್ಕು ಜನರ ಮುಂದೆ ಹೇಳಲಿ. ಹೇಳಿದರೆ ಮುಹೂರ್ತ ನಡೀತದೆ. ಇಲ್ಲದಿದ್ದರೆ ಇಲ್ಲ." ಮಗನನ್ನು ಕೇಳಿದರೆ ಅವನದು ಒಂದೇ ಉತ್ತರ: "ಮಾವನೋರನ್ನೇ ಕೇಳಿ."

ಮಠದಲ್ಲಿ ಸೇರಿದ್ದು ಭಾನುವಾರ. ಬೆಂಗಳೂರಿನ ಬಯಲಿನಲ್ಲಿ ಆ ಹೊತ್ತಿಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಇಲ್ಲಿ ಹಿರಿಯರು ಸಾಲಾಗಿ ಕೂತಿದ್ದರು. ಅಯ್ಯನವರು ಮೆಲ್ಲಗೆ ಕೇಳಿದರು.

"ರುದ್ರಯ್ಯ, ಗದ್ದಿಗೆಯ ಮುಂದೆ ಕೂತಿದೀಯೆ. ಗಾಡಿ ಯಾಕೆ ನಿಲ್ಲಲಿಲ್ಲ?"

ರುದ್ರಯ್ಯನವರು ಎದ್ದು ನಿಂತರು. ಕಂಬದ ಮರೆಯಲ್ಲಿ ಮಗಳ ಸೀರೆಯ ಅಂಚು ಕಾಣುತ್ತಿತ್ತು.

"ಅಯ್ಯನೋರೇ, ಇಂಜಿನ್ನು ಅಂದರೆ ಮೊದಲು ಉಸಿರು. ಗಾಳಿ ಒಳಗೆ ಬರೋ ದಾರಿ ಒರಟಾಗಿದ್ದರೆ..." ಎಂದು ಆರಂಭಿಸಿದರು. ಎರಕದ ಒರಟಿನ ವಿಷಯ ಹೇಳಿದರು, ಅರದ ಹಲ್ಲಿನ ವಿಷಯ ಹೇಳಿದರು. ಮೂರನೆಯ ಸಿಲಿಂಡರಿನ ಗುಳಿಯಲ್ಲಿ ಎಣ್ಣೆ ಹೆಚ್ಚು ಹಿಡಿದದ್ದು, ಅದನ್ನು ಸರಿಮಾಡಲು ಮಿಕ್ಕ ಐದನ್ನೂ ಉಜ್ಜಬೇಕಾಗಿ ಬಂದದ್ದು, ಆ ಹಲ್ಲಿನ ಡಾಕ್ಟರನ ಸಮೇತ ಯಾವುದನ್ನೂ ಬಿಡಲಿಲ್ಲ. ಅರ್ಧ ಗಂಟೆಯಾಯಿತು. ಒಬ್ಬ ಹಿರಿಯರಿಗೆ ನಿದ್ದೆ ಹತ್ತಿತ್ತು. "ಹೀಗೆಲ್ಲ ಆಗಿ..." ಎಂದವರು ಅಲ್ಲಿಗೆ ಬಂದು ನಿಂತರು. ಮಿಕ್ಕದ್ದು ಒಂದೇ ವಾಕ್ಯ. ಎಲ್ಲರೂ ಕಾದರು.

"ಹೀಗೆಲ್ಲ ಆಗಿ ಗಾಡಿ ಓಡ್ತು" ಎಂದು ಕೂತುಬಿಟ್ಟರು.

"ಹುಡುಗ ಓಡ್ಸು ಅಂದ್ನಾ, ಇಲ್ವಾ?" ಎಂದು ಮರುಳಯ್ಯನವರು ಗುಡುಗಿದರು.

ರುದ್ರಯ್ಯನವರು ಗದ್ದಿಗೆಯ ಕಡೆ ನೋಡಿದರು, ನೆಲ ನೋಡಿದರು. ಸಭೆ ತನಗೆ ತಿಳಿದ ಹಾಗೆ ತಿಳಿದುಕೊಂಡಿತು. "ಪಾಪ, ಇನ್ನೂ ಮುಚ್ಚಿಡ್ತಾ ಅವ್ರೆ" ಎಂದು ಯಾರೋ ನಿಟ್ಟುಸಿರು ಬಿಟ್ಟರು. ಮರುಳಯ್ಯನವರು ಶಲ್ಯ ಕೊಡವಿ ಎದ್ದರು. ಚಂದ್ರಶೇಖರಯ್ಯ ತಂದೆಯ ಹಿಂದೆ ಹೊರಟವನು ತಿರುಗಿ ಬಂದು, ರುದ್ರಯ್ಯನವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಅದು ಊರಿಗೆ ಕಳ್ಳನ ಕ್ಷಮಾಪಣೆಯ ಹಾಗೆ ಕಂಡಿತು.

ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲಿ ದ್ಯಾವಯ್ಯ ನಿಂತಿದ್ದ.

"ಒಂದ್ ಮಾತ್ ಏಳಿದ್ರೆ ಮುಗೀತಿತ್ತಲ್ಲ ಸಾ."

"ಏನಂತ ಹೇಳಲಯ್ಯ? ಗಾಡಿ ಚೆನ್ನಾಗಿ ಓಡ್ತಾ ಇತ್ತು, ಕಾಲು ತೆಗೆಯೋಕೆ ಮನಸ್ಸು ಬರಲಿಲ್ಲ ಅಂತಲಾ? ಅದೂ ಮಗಳ ಮುಂದೆ?"

"ಅಂಗೇ ಏಳ್ಬೇಕಿತ್ತು" ಎಂದ ದ್ಯಾವಯ್ಯ.

ವರ ಬಿಟ್ಟು ಓಡಿಹೋದ ಹುಡುಗಿ ಎಂದು ಹೆಸರಾದ ಮೇಲೆ ಬೇರೆ ಕಡೆಯಿಂದ ಯಾರೂ ಕೇಳಿಕೊಂಡು ಬರಲಿಲ್ಲ. ಬಂದ ಇಬ್ಬರು ಎರಡನೆಯ ಸಂಬಂಧದವರು. ಅವರೂ ರೇವಮ್ಮನ ಮನೆಯಲ್ಲಿ ನೀರು ಕುಡಿದು ಹಾಗೆಯೇ ವಾಪಸ್ಸು ಹೋದರು. ಶಾಂತಕುಮಾರಿ ತರಬೇತಿಗೆ ಹೋಗಿ ಬಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ನೀರು ಸೇದುವಾಗ ಈಗ ರಾಟೆಯ ಸದ್ದು ಮಾತ್ರ ಕೇಳುತ್ತಿತ್ತು. ಮುಂದೆ ಓದುವ ಆಸೆ ಇದೆಯೇ ಎಂದು ಅವಳನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ.

ರುದ್ರಯ್ಯನವರು ಗಾಡಿಯನ್ನು ಮೊದಲಿನಂತೆ ಮಾಡಿಕೊಡು ಎಂದು ದ್ಯಾವಯ್ಯನ ಅಂಗಡಿಗೆ ಹೋದರು. "ಉಜ್ಜಿ ತೆಗೆದ ಕಬ್ಬಿಣ ಎಲ್ಲೋಯ್ತು ಸಾ? ನಿಮ್ ಇತ್ಲಲ್ಲಿ ಗಾಳೀಗೆ ಓಯ್ತು. ಅದನ್ನ ಎಲ್ಲಿಂದ ತರ್ಲಿ?" ಎಂದ ಅವನು. ಕೊನೆಗೆ ಕಟ್ಟಾಯದ ಒಬ್ಬ ರೈತ ಇಂಜಿನ್ನನ್ನು ಪಂಪಿಗೆಂದು ಕೊಂಡುಹೋದ. ಅದು ಅವನ ಬಾವಿಯನ್ನು ಒಂದು ಹಗಲಿನಲ್ಲಿ ಬರಿದು ಮಾಡಿತೆಂದು ಅವನು ಬಹಳ ಕಾಲ ಬಯ್ಯುತ್ತಿದ್ದನಂತೆ.

ಗುರುಸಿದ್ದಮ್ಮ ಅರುವತ್ತಮೂರನೆಯ ಇಸವಿಯಲ್ಲಿ ಶಿವೈಕ್ಯರಾದರು. ತಮ್ಮ ಗಂಡ ಅಳಿಯನ ಮಾನ ಕಾಯ್ದವರು ಎಂದು ನಂಬಿಕೊಂಡೇ ಹೋದರು. ರುದ್ರಯ್ಯನವರು ಅವರ ತಲೆಯ ಬಳಿ ಮೂರು ದಿನ ಕೂತಿದ್ದರು. ಆ ಮೂರು ದಿನದಲ್ಲಿಯೂ ಹೇಳಲಿಲ್ಲ.

ಆಮೇಲಿನ ವರ್ಷ ಒಂದು ಸಂಜೆ ಶಾಂತಕುಮಾರಿ ಶಾಲೆಯಿಂದ ಬಂದು, ಜಗಲಿಯ ಮೇಲೆ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ತಂದೆ ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಇವತ್ತು ಸ್ಕೂಲಿಗೆ ಇನ್‌ಸ್ಪೆಕ್ಷನ್ ಬಂದಿತ್ತಪ್ಪ. ಜೊತೆಗೆ ಅವರೂ ಬಂದಿದ್ರು."

"ಯಾರವ್ವ?"

"ಅರಕಲಗೂಡಿನೋರು. ಎರಡು ಮಕ್ಕಳಂತೆ." ಅವಳು ಒಂದು ತಪ್ಪಿಗೆ ಗೆರೆ ಎಳೆದಳು. "ಮಾವನೋರು ಚೆನ್ನಾಗಿದಾರಾ ಅಂತ ಕೇಳಿದ್ರು. ಬೇರೆ ಏನೂ ಮಾತಾಡಲಿಲ್ಲ."

ರುದ್ರಯ್ಯನವರ ಕೈಯಲ್ಲಿ ಸುಣ್ಣದ ಡಬ್ಬಿ ಹಾಗೆಯೇ ಉಳಿಯಿತು. ಶಾಂತಕುಮಾರಿ ತಲೆ ಎತ್ತದೆಯೇ ಕೇಳಿದಳು.

"ಅಪ್ಪಾ, ಅವತ್ತು ಗಾಡಿ ಎಷ್ಟು ವೇಗ ಹೋಯ್ತು?"

"ಎಪ್ಪತ್ತೆಂಟು ಮೈಲಿ ಕಣವ್ವ!" ಎಂದರು ರುದ್ರಯ್ಯನವರು. ಯಾರೂ ಕೇಳದೆ ಇದ್ದ ಪ್ರಶ್ನೆಗೆ ಐದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಉತ್ತರ ಅದು. ಎಳೆಯ ಹುಡುಗನ ಉತ್ಸಾಹದಲ್ಲಿ ಹೊರಗೆ ಬಂತು. "ಕಣದ ಬಯಲು ದಾಟಿದ ಮೇಲೆ ಅರವತ್ತೈದು. ಆ ನೇರ ರಸ್ತೇಲಿ ಎಪ್ಪತ್ತೆಂಟು ಮುಟ್ತು."

ಅವಳ ಲೇಖನಿ ನಿಂತಿತು.

"ಹಾಗಾದ್ರೆ ಮೀಟರು ನೋಡ್ಕೊಂಡು ಕೂತಿದ್ರಿ."

ಈ ಸಲ ರುದ್ರಯ್ಯನವರು ಇಂಜಿನ್ನಿನ ಉಸಿರಿನಿಂದ ಆರಂಭಿಸಲಿಲ್ಲ.

"ಹೂಂ ಕಣವ್ವ" ಎಂದರು.

ಶಾಂತಕುಮಾರಿ ಕೈಯಲ್ಲಿದ್ದ ಪುಸ್ತಕಕ್ಕೆ ಗುರುತು ಹಾಕಿ ಮುಚ್ಚಿದಳು. ಆಮೇಲೆ ಮುಂದಿನ ಪುಸ್ತಕ ತೆಗೆದುಕೊಂಡಳು. ಇನ್ನೂ ಇಪ್ಪತ್ತು ಪುಸ್ತಕ ಉಳಿದಿತ್ತು.